ಯಂತ್ರಪುರಕ್ಕೆ ಬಂದವರ ಜಾಡು ಹಿಡಿದು

ಬೆಂಗಳೂರಿನ ಪೀಣ್ಯದ ಹಳೆಯ ವರ್ಕ್‌ಶಾಪುಗಳಲ್ಲಿ ಎಣ್ಣೆ ಹಿಡಿದು ಕಪ್ಪಿಟ್ಟ ಲೇಥುಗಳು ಇನ್ನೂ ಅಲ್ಲಲ್ಲಿ ತಿರುಗುತ್ತಿವೆ. ಫಲಕದ ಜಿಡ್ಡನ್ನು ಬಟ್ಟೆಯಿಂದ ಒರೆಸಿದರೆ ಮೈಸೂರು ಕಿರ್ಲೋಸ್ಕರ್, ಹರಿಹರ ಎಂಬ ಹೆಸರು ಮೇಲೇಳುತ್ತದೆ. ಯಂತ್ರದ ಹುಟ್ಟೂರನ್ನು ಹೇಳಲು ಒಂದು ಫಲಕವಿದೆ. ಆ ಯಂತ್ರ ಮಾಡಿದ ಟರ್ನರ್ ಯಾವ ಊರು ಬಿಟ್ಟು ಹರಿಹರಕ್ಕೆ ಬಂದ, ಯಾಕೆ ಬಂದ ಎಂದು ಅವನ ಮೊಮ್ಮಕ್ಕಳನ್ನು ಕೇಳಿ. ‘ಹೊಟ್ಟೆಪಾಡಿಗೆ ಬಂದ್ರಂತೆ’ ಎನ್ನುತ್ತಾರೆ. ಸುಳ್ಳಲ್ಲ, ಆದರೆ ಸಾಲದು. ಬಡತನ ಓಣಿಗೆಲ್ಲ ಇತ್ತು. ಹೊರಟವನು ಮಾತ್ರ ಒಬ್ಬ.

ಕಾರ್ಖಾನೆ ಕಟ್ಟಿದವರ ವಲಸೆಗೆ ಕಾರಣಗಳು ಪುಸ್ತಕದಲ್ಲಿವೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಮುಂಬಯಿಯಲ್ಲಿ ಉಪಾಧ್ಯಾಯರಾಗಿದ್ದಾಗ ಬಡ್ತಿ ತಪ್ಪಿದ್ದಕ್ಕೆ ಆ ಕೆಲಸ ಬಿಟ್ಟರು. ಬೆಳಗಾವಿಯಲ್ಲಿ ಜಾಗ ಕೈತಪ್ಪಿದ್ದಕ್ಕೆ ಔಂಧ್ ಸಂಸ್ಥಾನಕ್ಕೆ ಹೋಗಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ, ಯುದ್ಧದಿಂದ ವಿದೇಶಿ ಯಂತ್ರಗಳು ದುರ್ಲಭವಾಗಿದ್ದ ಹೊತ್ತಿನಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಇದಿಷ್ಟೂ ದಾಖಲೆ. ಅದೇ ಗೇಟಿನೊಳಗೆ ಬುತ್ತಿಗಂಟು ಹಿಡಿದು ನಡೆದವನ ಕಾರಣವನ್ನು ಯಾರೂ ಬರೆದಿಡಲಿಲ್ಲ. ಅದನ್ನು ನೆಲ, ನೀರು, ರೈಲುಗಳ ನಡುವೆಯೇ ಹುಡುಕಬೇಕು.

ಹರಿಹರದ ನಕ್ಷೆಯನ್ನೇ ಮೊದಲು ನೋಡಿ. ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ. ಹೊಳೆ ದಾಟಿದರೆ ರಾಣೆಬೆನ್ನೂರು, ಆಗ ಮುಂಬಯಿ ಪ್ರಾಂತ್ಯ. ಬಡಗಣ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸಿಗೆ ಸೇರಿತ್ತು. ಮೈಸೂರಿಗೆ ಬಂದದ್ದು 1953ರಲ್ಲಿ. ಹೊಳೆಯಾಚೆಯವರು ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಾಗಾಗಿ ನಲವತ್ತರ ದಶಕದಲ್ಲಿ ಒಂದು ಹಗಲು ನಡೆದು ಬಂದವನೂ ಸರ್ಕಾರಿ ಕಾಗದದಲ್ಲಿ ಪರನಾಡಿನವನು. ಅವನ ಹೊಲದ ಪಹಣಿ ಒಂದು ಕಡೆ, ದುಡಿಮೆಯ ಚೀಟಿ ಇನ್ನೊಂದು ಕಡೆ. ಕುಟುಂಬದ ಕಥೆ ನಡುವೆ ತುಂಡಾಗಿ ಕಾಣುವುದು ಇದರಿಂದಲೂ ಹೌದು.

ಕಾರ್ಖಾನೆಯ ಸುತ್ತ ಬೆಳೆದ ನೆಲೆಗೆ ಯಂತ್ರಪುರ ಎಂದೇ ಹೆಸರಾಯಿತು. ಮಳೆಯನ್ನು ನಂಬಿದ್ದ ಕೈ ಅಲ್ಲಿ ಅಳತೆಯನ್ನು ನಂಬಲು ಕಲಿಯಿತು. ಚಕ್ಕಿಗೆ ಉಕ್ಕಿನ ಸರಳು ಬಿಗಿದು ಟೂಲ್ ತಾಗಿಸಿದರೆ ಬಿಸಿ ಸುರುಳಿ ನೀಲಿಗಟ್ಟಿ ಬಿಚ್ಚಿಕೊಳ್ಳುತ್ತದೆ. ಟರ್ನರ್ ಯಂತ್ರ ನಿಲ್ಲಿಸಿ, ಸರಳು ಒರೆಸಿ, ಮೈಕ್ರೋಮೀಟರ್ ಹಿಡಿದು, ಕಣ್ಣು ಕಿರಿದು ಮಾಡಿ ಅಳೆಯುತ್ತಾನೆ. ಕೂದಲೆಳೆಯಷ್ಟು ಹೆಚ್ಚಿದ್ದರೆ ಮತ್ತೊಂದು ಕಟ್. ಹೊಲದಲ್ಲಿ ವರ್ಷವಿಡೀ ದುಡಿದರೂ ಆಕಾಶ ಮುನಿದರೆ ಫಲವಿಲ್ಲ. ಇಲ್ಲಿ ಕೆಲಸ ನೇರವಿದ್ದರೆ ತಿಂಗಳ ಕೊನೆಗೆ ಪಗಾರ ಖಚಿತ. ಊರು ಬಿಟ್ಟವನನ್ನು ಹಿಡಿದು ನಿಲ್ಲಿಸಿದ್ದು ಈ ಖಚಿತತೆ, ಜೊತೆಗೆ ಕೈಗೆ ಹತ್ತಿದ ಕಸುಬಿನ ಅಭಿಮಾನ.

ಪಕ್ಕದ ದಾವಣಗೆರೆಯ ಸೆಳೆತ ಬೇರೆ ಬಗೆಯದು. ಸುತ್ತಲ ಕಪ್ಪುನೆಲದ ಹತ್ತಿ ಅಲ್ಲಿಗೆ ಬರುತ್ತಿತ್ತು. ಅರಳೆಯ ವ್ಯಾಪಾರ, ಜಿನ್ನಿಂಗ್, ರೈಲು ಕೂಡಿ 1930ರ ದಶಕದಿಂದ ಬಟ್ಟೆ ಗಿರಣಿಗಳು ಎದ್ದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. ಮಿಲ್ಲಿನ ಕೂಗಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ದಾರ ಕಡಿಯಬಾರದೆಂದು ನೂಲುವ ವಿಭಾಗದ ಗಾಳಿಯನ್ನು ತೇವವಾಗಿಡುತ್ತಿದ್ದರು. ಆ ಸೆಕೆಯಲ್ಲಿ ಕಾರ್ಮಿಕರು ಸಾಲು ಕದಿರುಗಳ ಮುಂದೆ ಅಡ್ಡಾಡುತ್ತ, ಕಡಿದ ಎಳೆಯನ್ನು ಬೆರಳತುದಿಯಲ್ಲಿ ಹೊಸೆದು ಕೂಡಿಸುತ್ತಿದ್ದರು. ಶಿಫ್ಟು ಬಿಟ್ಟು ಬರುವಾಗ ಹುಬ್ಬು, ಮೀಸೆಗೆಲ್ಲ ಅರಳೆಯ ಧೂಳು. ಮೊದಲು ಬದಲಿ ಕೆಲಸ, ಆಮೇಲೆ ಕಾಯಂ. ಈ ಜನರ ಬಲದಿಂದಲೇ ಕಾರ್ಮಿಕ ಮುಖಂಡ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಮೂರು ಬಾರಿ ವಿಧಾನಸಭೆಗೆ ಆರಿಸಿ ಹೋದರು.

ಯಾರು ಹೊರಟರು, ಯಾರು ಉಳಿದರು ಎಂಬುದಕ್ಕೆ ನೀರೂ ಉತ್ತರ ಕೊಡುತ್ತದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆ ಹರಿದ ಮೇಲೆ ದಾವಣಗೆರೆ, ಹರಿಹರದ ಬಯಲಿನಲ್ಲಿ ಜೋಳ, ಹತ್ತಿಯ ಜಾಗಕ್ಕೆ ಭತ್ತ ಬಂತು. ನಾಲೆ ಮುಟ್ಟಿದ ಊರಿನಲ್ಲಿ ಮಗನಿಗೆ ಗದ್ದೆ ಇತ್ತು. ಜಗಳೂರಿನ ಒಣನೆಲದಲ್ಲಿ ಆ ಆಸರೆ ಇರಲಿಲ್ಲ. ಆದ್ದರಿಂದ ಅಜ್ಜನ ಊರು ಗೊತ್ತಾದರೆ ಮೊದಲು ಕೇಳಬೇಕಾದದ್ದು ಅಲ್ಲಿಗೆ ನಾಲೆ ಬಂತೇ ಎಂದು; ಎರಡನೆಯದು, ಎಷ್ಟು ಜನ ಅಣ್ಣತಮ್ಮಂದಿರ ನಡುವೆ ಹೊಲ ಹಂಚಿತು ಎಂದು.

ಊರೇ ಗೊತ್ತಿಲ್ಲದಿದ್ದರೆ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದು ಒಕ್ಕಲಿನ ವಂಶಾವಳಿ ಓದುವ ಇವರು ಮೂಲ ಯಾವುದು, ಯಾವ ತಲೆಮಾರು ಎಲ್ಲಿಗೆ ಕವಲೊಡೆಯಿತು ಎಂದು ಹೇಳಬಲ್ಲರು. ಅವರ ಪುಸ್ತಕ ನಿಂತಲ್ಲಿಂದ ಶಾಲೆಯ ದಾಖಲಾತಿ ಪುಸ್ತಕ ಶುರುವಾಗುತ್ತದೆ: ಮಗುವಿನ ಹುಟ್ಟೂರು, ಹಿಂದಿನ ಶಾಲೆ, ತಂದೆಯ ಕಸುಬು. ಕಸುಬಿನ ಕಾಲಂನಲ್ಲಿ ಅಣ್ಣನಿಗೆ ‘ವ್ಯವಸಾಯ’ ಎಂದಿದ್ದು ತಮ್ಮನಿಗೆ ‘ಮಿಲ್ ಕೂಲಿ’ ಎಂದಾಗಿದ್ದರೆ, ಹೊರಟ ಕಾಲ ಆ ಎರಡು ಸಾಲುಗಳ ನಡುವೆಯೇ ಇದೆ. ಆ ವರ್ಷಗಳ ಮಳೆ ಹೇಗಿತ್ತೆಂದು ನೋಡಿದರೆ ಕಾರಣವೂ ಹತ್ತಿರಕ್ಕೆ ಬರುತ್ತದೆ.

ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಹೊಸ್ತಿಲಲ್ಲಿ ಯಂತ್ರಪುರದ ಕಾರ್ಖಾನೆಯೂ ಮುಚ್ಚಿತು. ಟರ್ನರನ ಮಗ ಪುಣೆ–ಬೆಂಗಳೂರು ದಾರಿಯಲ್ಲಿ ಯಾವುದೋ ಒಂದು ದಿಕ್ಕು ಹಿಡಿದ. ಅಪ್ಪನನ್ನು ಬರಗಾಲವೋ ಹಂಚಿಹೋದ ಹೊಲವೋ ಹೊರಡಿಸಿತ್ತು. ಮಗನನ್ನು ಮುಚ್ಚಿದ ಗೇಟು ಹೊರಡಿಸಿತು. ಆದರೆ ಅಪ್ಪ ಬರಿಗೈಯಲ್ಲಿ ಬಂದಿದ್ದ, ಮಗ ಕೈಯಲ್ಲಿ ಕಸುಬು ಹಿಡಿದು ಹೋದ. ಎರಡು ವಲಸೆಗಳ ನಡುವಿನ ಈ ವ್ಯತ್ಯಾಸ ಹರಿಹರ ಕೊಟ್ಟದ್ದು.

ಆ ಕಾಲದ ಟರ್ನರುಗಳು, ಫಿಟ್ಟರುಗಳು, ನೂಲುವವರು ಕೆಲವರಾದರೂ ಇನ್ನೂ ಹರಿಹರ, ದಾವಣಗೆರೆಗಳಲ್ಲಿದ್ದಾರೆ. ಹಾಜರಿ ಪುಸ್ತಕ, ಗೇಟ್ ಪಾಸ್, ಪಗಾರದ ಚೀಟಿಗಳು ಅವರ ಮನೆಯ ಟ್ರಂಕುಗಳಲ್ಲಿ ಸಿಗಬಹುದು. ಅವು ಗುಜರಿಗೆ ಹೋಗುವ ಮುನ್ನ ದಾವಣಗೆರೆಯಲ್ಲೊಂದು ಕಾರ್ಮಿಕ ದಾಖಲೆ ಮನೆ ಬೇಕು. ಅದಾಗುವ ತನಕ ಪ್ರತಿ ಮನೆಯವರೂ ತಮ್ಮ ಹಿರಿಯರ ಎದುರು ಕೂತು, ಯಾಕೆ ಬಂದಿರಿ, ಯಾರು ಕರೆತಂದರು, ಮೊದಲ ಪಗಾರ ಎಷ್ಟಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಲಿ. ಮಾಲೀಕರ ಹೆಜ್ಜೆಗೆ ಸಿಕ್ಕ ಮರ್ಯಾದೆ ದುಡಿದವರ ಹೆಜ್ಜೆಗೂ ಸಲ್ಲಬೇಕು.