ಹೊಸ ಬೈಕಿಗೆ ಯಾವ ಎಣ್ಣೆ? ಚೈನಿಗೆ ಏನು ಹಾಕಬೇಕು?

ಮನೆಗೆ ಹೊಸ ಬೈಕ್ ಬಂತೆಂದರೆ ಸಲಹೆ ಕೊಡುವವರಿಗೆ ಕೊರತೆ ಇರುವುದಿಲ್ಲ. ‘ನಮ್ಮ ಗದಗಿನ ಬಿಸಿಲಿಗೆ ದಪ್ಪ ಎಣ್ಣೆಯೇ ಬೇಕು’ ಎಂದು ಒಬ್ಬರು ಹೇಳುತ್ತಾರೆ. ‘ಫುಲ್ ಸಿಂಥೆಟಿಕ್ ಹಾಕಿಸಿಬಿಡು, ಇಂಜಿನ್ ಕಡೆ ನೋಡುವುದೇ ಬೇಡ’ ಎನ್ನುತ್ತಾರೆ ಇನ್ನೊಬ್ಬರು. ‘ಟ್ರ್ಯಾಕ್ಟರಿಗೆ ತಂದ ಎಣ್ಣೆ ಡಬ್ಬಿಯಲ್ಲಿ ಉಳಿದಿದೆ, ಅದನ್ನೇ ಸುರಿ’ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಬೈಕ್ ಬರುವುದು ಸಾಲದ ಮೇಲೆ. ಹೊಲಕ್ಕೆ, ಎಪಿಎಂಸಿಗೆ, ಅಂಗಡಿಗೆ, ಮುಳಗುಂದ ರಸ್ತೆಯ ಜಿಮ್ಸ್ ಆಸ್ಪತ್ರೆಗೆ, ಎಲ್ಲದಕ್ಕೂ ಅದೊಂದೇ ಗಾಡಿ. ಸಾಲದ ಕಂತು ಮುಗಿಯುವ ಮೊದಲೇ ಇಂಜಿನ್ ಕೆಲಸಕ್ಕೆ ಬಂದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಎಣ್ಣೆಯ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯಂತೆ 18 ವರ್ಷ ತುಂಬದವರು ಗೇರ್ ಬೈಕ್ ಓಡಿಸುವಂತಿಲ್ಲ. 16 ತುಂಬಿದವರಿಗೆ ಲೈಸನ್ಸ್ ಪಡೆದು 50 ಸಿಸಿ ಮೀರದ ಗಾಡಿಗಷ್ಟೇ ಅವಕಾಶ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ನಮ್ಮ ಕಾಲೇಜಿನ ಹೆಚ್ಚಿನ ವಿದ್ಯಾರ್ಥಿಗಳು ಈ ವಯಸ್ಸಿನವರು. ಓಡಿಸಲು ವಯಸ್ಸಾಗಬೇಕು, ಆದರೆ ಅಪ್ಪನ ಅಥವಾ ಅಣ್ಣನ ಗಾಡಿಯನ್ನು ನೋಡಿಕೊಳ್ಳಲು ಈಗಲೇ ಕಲಿಯಬಹುದು.

ಎಣ್ಣೆ ಒಂದೇ, ಕೆಲಸ ಮೂರು

ಕಾರಿನಲ್ಲಿ ಇಂಜಿನ್ನಿಗೆ ಒಂದು ಎಣ್ಣೆ, ಗೇರ್ ಬಾಕ್ಸಿಗೆ ಬೇರೆ ಎಣ್ಣೆ ಇರುತ್ತದೆ. ಇಂದಿನ ಬಹುತೇಕ ಬೈಕುಗಳಲ್ಲಿ ಹಾಗಿಲ್ಲ. ಒಂದು ಲೀಟರಿನಷ್ಟು ಎಣ್ಣೆಯೇ ಪಿಸ್ಟನ್ನಿಗೂ ಹೋಗಬೇಕು, ಗೇರಿನ ಹಲ್ಲುಗಳಿಗೂ ಹೋಗಬೇಕು, ಕ್ಲಚ್ ಪ್ಲೇಟುಗಳನ್ನೂ ತೋಯಿಸಬೇಕು. ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವುದರಿಂದ ಇದಕ್ಕೆ ವೆಟ್ ಕ್ಲಚ್ ಎನ್ನುತ್ತಾರೆ.

ಕ್ಲಚ್ ಕೆಲಸ ಮಾಡುವುದು ಘರ್ಷಣೆಯಿಂದ. ಪ್ಲೇಟುಗಳು ಒಂದನ್ನೊಂದು ಹಿಡಿದುಕೊಂಡರೆ ಮಾತ್ರ ಇಂಜಿನ್ನಿನ ಶಕ್ತಿ ಚಕ್ರಕ್ಕೆ ಬರುತ್ತದೆ. ಕಾರಿನ ಕೆಲವು ಎಣ್ಣೆಗಳಲ್ಲಿ ಪೆಟ್ರೋಲ್ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಕಾರಿಗೆ ಲಾಭ, ಬೈಕಿಗೆ ನಷ್ಟ. ಪ್ಲೇಟು ಜಾರುತ್ತದೆ, ಆಕ್ಸಿಲರೇಟರ್ ತಿರುವಿದಷ್ಟು ಸದ್ದು ಬರುತ್ತದೆ, ಗಾಡಿ ಓಡುವುದಿಲ್ಲ. ಕ್ರಮೇಣ ಪ್ಲೇಟು ಸುಡುತ್ತದೆ.

ಇದನ್ನು ಗುರುತಿಸಲೆಂದೇ ಜಪಾನಿನವರು 1998ರಲ್ಲಿ ಜಾಸೋ ಎಂಬ ಬೈಕ್ ಎಣ್ಣೆಯ ಮಾನದಂಡ ತಂದರು. ಡಬ್ಬಿಯ ಹಿಂಭಾಗದಲ್ಲಿ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿದ್ದರೆ ಅದು ವೆಟ್ ಕ್ಲಚ್ ಇರುವ ಬೈಕಿಗೆ ತಕ್ಕದ್ದು. ಎಂಎ2ರಲ್ಲಿ ಕ್ಲಚ್ಚಿನ ಹಿಡಿತ ಇನ್ನೂ ಹೆಚ್ಚು. ‘ಎಂಬಿ’ ಎಂದಿದ್ದರೆ ಘರ್ಷಣೆ ಕಡಿಮೆ. ಅದು ಒಣ ಕ್ಲಚ್ ಇರುವ ಗೇರ್‌ರಹಿತ ಸ್ಕೂಟರುಗಳಿಗೆ. ಸ್ಕೂಟರಿನ ಡಬ್ಬಿ ಅಗ್ಗಕ್ಕೆ ಸಿಕ್ಕಿತೆಂದು ಬೈಕಿಗೆ ಹಾಕಬಾರದು. ಟ್ರ್ಯಾಕ್ಟರಿನ ಎಣ್ಣೆ ಡೀಸೆಲ್ ಇಂಜಿನ್ನಿಗೆಂದು ಮಾಡಿದ್ದು. ಅದರ ಮೇಲೆ ಜಾಸೋ ಗುರುತು ಇಲ್ಲದಿದ್ದರೆ ಬೈಕಿನ ಕ್ಲಚ್ಚಿಗೆ ಯಾವ ಖಾತ್ರಿಯೂ ಇಲ್ಲ.

ಅಂಕಿಗಳ ಅರ್ಥ

ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-40, 15ಡಬ್ಲ್ಯು-50 ಎಂದೆಲ್ಲ ಇರುತ್ತದೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಓದುವ ಸ್ನಿಗ್ಧತೆಯೇ ಇದು. ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಒಳಗಿನಿಂದ ಬರುವ ಪ್ರತಿರೋಧವೇ ಸ್ನಿಗ್ಧತೆ. ದ್ರವ ಬಿಸಿಯಾದರೆ ಅದು ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ.

‘ಡಬ್ಲ್ಯು’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂದು ಹೇಳುತ್ತದೆ; ಅಂಕಿ ಚಿಕ್ಕದಾದಷ್ಟೂ ಬೇಗ ಹರಿಯುತ್ತದೆ. ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಗುರುತು. ಆ ಉಷ್ಣತೆಯಲ್ಲಿ 30 ದರ್ಜೆಯ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9.

10ಡಬ್ಲ್ಯು ಎಣ್ಣೆಯನ್ನು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯು ಎಣ್ಣೆಯನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಅಂಥ ಚಳಿ ನಮ್ಮ ಕಡೆ ಎಂದೂ ಬರುವುದಿಲ್ಲ. ಹಾಗಾದರೆ ಮೊದಲ ಅಂಕಿ ನಮಗೆ ಬೇಡವೇ? ಬೇಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಎಷ್ಟು ಬೇಗ ಮೇಲೇರುತ್ತದೋ ಅಷ್ಟು ಸವೆತ ಕಡಿಮೆ.

ಇನ್ನು ‘ಬಿಸಿಲಿಗೆ ದಪ್ಪ ಎಣ್ಣೆ’ ಎಂಬ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದರೂ ಇಂಜಿನ್ನಿನ ಒಳಗಿನ ಶಾಖ ಅದಕ್ಕಿಂತ ಬಹಳ ಹೆಚ್ಚು. ಅದನ್ನೂ ನಮ್ಮ ದೇಶದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದೇ ಕಂಪನಿ ಎಣ್ಣೆಯ ದರ್ಜೆ ಗೊತ್ತುಮಾಡಿರುತ್ತದೆ. 10ಡಬ್ಲ್ಯು-30ಕ್ಕೆಂದು ಮಾಡಿದ ಇಂಜಿನ್ನಿನಲ್ಲಿ ಎಣ್ಣೆ ಹರಿಯುವ ದಾರಿಗಳೂ ಬಿಡಿಭಾಗಗಳ ನಡುವಿನ ಸಂದುಗಳೂ ಸಣ್ಣ. ಅದಕ್ಕೆ 20ಡಬ್ಲ್ಯು-50 ಸುರಿದರೆ ಎಣ್ಣೆ ನಿಧಾನವಾಗಿ ಮೇಲೇರುತ್ತದೆ, ಮೈಲೇಜೂ ಕಡಿಮೆಯಾಗಬಹುದು. ಹಾಗೆಯೇ 15ಡಬ್ಲ್ಯು-50 ಬೇಡುವ ಬುಲೆಟ್‌ಗೆ ತೆಳು ಎಣ್ಣೆ ಸರಿಹೋಗದು. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ದರ್ಜೆ, ಎಪಿಐ ಗುರುತು, ಜಾಸೋ ಗುರುತು, ಎಣ್ಣೆಯ ಅಳತೆ ನಾಲ್ಕೂ ಇರುತ್ತವೆ. ಅವು ಹೊಂದಿದರೆ ಯಾವ ಒಳ್ಳೆಯ ಕಂಪನಿಯ ಎಣ್ಣೆಯಾದರೂ ನಡೆಯುತ್ತದೆ.

ಸಿಂಥೆಟಿಕ್ ಎಣ್ಣೆ ಶಾಖವನ್ನು ಹೆಚ್ಚು ಕಾಲ ತಡೆಯುತ್ತದೆ ಎಂಬುದು ನಿಜ. ಆದರೆ ಕೈಪಿಡಿ ಸಾದಾ ಮಿನರಲ್ ಎಣ್ಣೆ ಸಾಕೆಂದಿರುವ 100 ಸಿಸಿ ಗಾಡಿಗೆ ಎರಡು-ಮೂರು ಪಟ್ಟು ಬೆಲೆಯ ಎಣ್ಣೆ ಹಾಕುವುದರಲ್ಲಿ ದೊಡ್ಡ ಲಾಭವಿಲ್ಲ. ಆ ದುಡ್ಡಿಗೆ ಸಾದಾ ಎಣ್ಣೆಯನ್ನೇ ಹೇಳಿದ ಕಿಲೋಮೀಟರಿಗೆ ಸರಿಯಾಗಿ ಬದಲಿಸುವುದು ಮೇಲು.

ಹಿರಿಯರ ಸಲಹೆ ಬೇರೆ ಏಕೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನು ಓಡಿಸಿದ ಹಿರಿಯರು ನಮ್ಮೂರುಗಳಲ್ಲಿ ಇಂದಿಗೂ ಇದ್ದಾರೆ. ಅವು ಟೂ-ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕಿತ್ತು, ಅದು ಪೆಟ್ರೋಲಿನ ಜೊತೆ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಇಂದಿನ ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆ ಒಳಗೇ ಸುತ್ತುತ್ತ ಸಾವಿರಾರು ಕಿಲೋಮೀಟರ್ ದುಡಿಯಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಎಣ್ಣೆ ಸುಟ್ಟು ಹೊಗೆಯಲ್ಲಿ ಹೋದರೆ ಅದು ಕೆಡುತ್ತದೆ. ಹಿರಿಯರ ಅನುಭವ ಅವರ ಕಾಲದ ಗಾಡಿಗೆ ಸರಿಯಾಗಿತ್ತು. ಈಗ ಗಾಡಿಯೇ ಬೇರೆ.

ಮೊದಲ ಸರ್ವಿಸ್ ತಪ್ಪಿಸಬೇಡಿ

ಹೊಸ ಇಂಜಿನ್ನಿನ ಲೋಹದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸಣ್ಣ ಸಣ್ಣ ಕಣಗಳು ಎಣ್ಣೆಗೆ ಸೇರುತ್ತವೆ. ಅದಕ್ಕಾಗಿಯೇ ಮೊದಲ ಎಣ್ಣೆಯನ್ನು ಸಾಮಾನ್ಯವಾಗಿ 500ರಿಂದ 1,000 ಕಿ.ಮೀ. ಒಳಗೆ ಬದಲಿಸಲು ಹೇಳುತ್ತಾರೆ. ‘ಎಣ್ಣೆ ಇನ್ನೂ ಚೊಕ್ಕ ಇದೆ’ ಎಂದು ಮುಂದೂಡಿದರೆ ಆ ಕಣಗಳು ಒಳಗೇ ತಿರುಗುತ್ತವೆ. ವಾರಂಟಿಗೂ ಈ ಸರ್ವಿಸಿನ ಬಿಲ್ ಬೇಕಾಗುತ್ತದೆ. ಮುಂದೆ ಎಣ್ಣೆ ಕಪ್ಪಾಯಿತೆಂದು ಮಾತ್ರಕ್ಕೆ ಗಾಬರಿ ಬೇಡ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೂ ಎಣ್ಣೆಯ ಕೆಲಸವೇ. ಮಟ್ಟವನ್ನು ಮಾತ್ರ ಆಗಾಗ ನೋಡಿ. ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಕೈಪಿಡಿ ಹೇಳಿದಂತೆ ನೋಡಬೇಕು. ಕಡಿಮೆಯಿದ್ದರೂ ಕೆಡುಕು, ಹೆಚ್ಚಾದರೂ ಕೆಡುಕು.

ಚೈನಿನ ಕಥೆ

ಚೈನ್ ಸವೆಯುವುದು ಹೊರಗಲ್ಲ, ಒಳಗೆ: ಪ್ರತಿ ಕೊಂಡಿಯ ಪಿನ್ ಮತ್ತು ಬುಷ್ ನಡುವೆ. ಎಣ್ಣೆ ಅಲ್ಲಿಗೆ ತಲುಪಬೇಕು. 100 ಸಿಸಿಯ ಹಲವು ಗಾಡಿಗಳಲ್ಲಿ ಚೈನ್ ಪೂರ್ತಿ ಕವರಿನೊಳಗೆ ಇರುತ್ತದೆ. ಧೂಳು ಕಡಿಮೆ, ಸರ್ವಿಸಿನಲ್ಲಿ ಮಿಸ್ತ್ರಿಗೆ ನೆನಪಿಸಿದರೆ ಸಾಕು. ತೆರೆದ ಚೈನ್ ಇರುವ ದೊಡ್ಡ ಗಾಡಿಗಳಲ್ಲಿ ಹೆಚ್ಚಾಗಿ ಓ-ರಿಂಗ್ ಚೈನ್ ಇರುತ್ತದೆ. ಅದರ ಪಿನ್ನಿನ ಸುತ್ತ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರ್ ಬಳೆ ಹಾಕಿರುತ್ತಾರೆ. ಆ ರಬ್ಬರ್ ಕೆಟ್ಟರೆ ಒಳಗಿನ ಗ್ರೀಸ್ ಹೋಗುತ್ತದೆ. ಹಾಗಾಗಿ ಪೆಟ್ರೋಲಿನಿಂದ ತೊಳೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಜೋರು ನೀರಿನ ಪೈಪನ್ನು ನೇರ ಚೈನಿಗೆ ಹಿಡಿಯುವುದು ಬೇಡ. ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಮೆತ್ತನೆಯ ಬ್ರಷ್ ಸಾಕು.

ಹಾಕುವುದೇನು? ಎರಡು ದಾರಿಗಳಿವೆ. ಒಂದು, ಓ-ರಿಂಗಿಗೆ ಸರಿಹೋಗುತ್ತದೆ ಎಂದು ಬರೆದಿರುವ ಚೈನ್ ಲ್ಯೂಬ್ ಸ್ಪ್ರೇ. ಎರಡು, ಹಲವು ಕೈಪಿಡಿಗಳು ಹೇಳುವ 90 ದರ್ಜೆಯ ಗೇರ್ ಎಣ್ಣೆ. ಗೇರ್ ಎಣ್ಣೆ ಅಗ್ಗ, ಆದರೆ ಬೇಗ ಸಿಡಿದುಹೋಗುತ್ತದೆ, ಮೇಲಿಂದ ಮೇಲೆ ಹಾಕಬೇಕು. ಸ್ಪ್ರೇ ಹೆಚ್ಚು ದಿನ ಅಂಟಿಕೊಂಡಿರುತ್ತದೆ. ದಪ್ಪ ಗ್ರೀಸ್ ಮೆತ್ತುವುದು ನಮ್ಮ ಕಡೆಗೆ ಸಲ್ಲದು. ಬೇಸಿಗೆಯ ಗಾಳಿ-ಧೂಳು ಅದಕ್ಕೆ ಅಂಟಿ ಸಾಣೆ ಹಿಡಿದಂತೆ ಹಲ್ಲುಗಳನ್ನು ತಿನ್ನುತ್ತದೆ. ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯಲ್ಲಿ ಲೋಹದ ಕಣ, ಮಸಿ ಇರುತ್ತವೆ, ಅದೂ ಬೇಡ.

ಸಾಮಾನ್ಯವಾಗಿ 500 ಕಿ.ಮೀ.ಗೆ ಒಮ್ಮೆ ಚೈನಿಗೆ ಎಣ್ಣೆ ಬೇಕು. ಎರೆಹೊಲದ ಕೆಸರಿನಲ್ಲಿ ಹೋಗಿ ಬಂದ ದಿನ, ಗಾಡಿ ತೊಳೆಸಿದ ದಿನ ಲೆಕ್ಕ ನೋಡದೆ ಒರೆಸಿ ಹಾಕಬೇಕು. ಸಂಜೆ ಓಡಿಸಿ ಬಂದಾಗ ಚೈನ್ ಬೆಚ್ಚಗಿರುತ್ತದೆ, ಆಗ ಹಾಕಿ ರಾತ್ರಿ ಬಿಟ್ಟರೆ ಒಳಗೆ ಇಳಿಯುತ್ತದೆ. ಕೆಳಗಿನ ಎಳೆಯ ಒಳಮೈಗೆ ಹಾಕಿ, ಮಿಕ್ಕಿದ್ದನ್ನು ಒರೆಸಿ. ಟೈರಿಗೂ ಬ್ರೇಕಿಗೂ ಒಂದು ಹನಿಯೂ ಬೀಳಬಾರದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ತಿರುಗುವ ಚೈನಿಗೆ ಎಣ್ಣೆ ಹಾಕಬೇಡಿ. ಕೈಯಲ್ಲಿನ ಬಟ್ಟೆ ಚೈನಿಗೆ ಸಿಕ್ಕಿದರೆ ಬೆರಳುಗಳು ಹಲ್ಲಿನ ನಡುವೆ ಹೋಗಲು ಕ್ಷಣವೂ ಬೇಡ. ಇಂಜಿನ್ ಬಂದ್ ಮಾಡಿ, ಕೀಲಿ ತೆಗೆದು, ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ತಿರುವಬೇಕು.

ಚೈನ್ ಎಷ್ಟು ಸಡಿಲ ಇರಬೇಕೆಂಬುದು ಕೈಪಿಡಿಯಲ್ಲಿರುತ್ತದೆ, ಕೆಲವು ಗಾಡಿಗಳಲ್ಲಿ ಚೈನಿನ ಹತ್ತಿರವೇ ಸ್ಟಿಕ್ಕರ್ ಇರುತ್ತದೆ. ಹೆಚ್ಚು ಸಡಿಲವಾದರೆ ಹಲ್ಲು ಹಾರುತ್ತದೆ, ಹೆಚ್ಚು ಬಿಗಿಯಾದರೆ ಬೇರಿಂಗ್ ಕೆಡುತ್ತದೆ.

ಕೊಳ್ಳುವಾಗ, ಚೆಲ್ಲುವಾಗ

ಎಣ್ಣೆಯಲ್ಲೂ ನಕಲಿ ಇದೆ. ನಂಬಿಕೆಯ ಅಂಗಡಿಯಲ್ಲಿ, ಸೀಲ್ ನೋಡಿ, ಬಿಲ್ ಪಡೆದು ಕೊಳ್ಳಿ. ಡಬ್ಬಿಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಖಾಲಿಯಾದ ಮೇಲೆ ಅದಕ್ಕೆ ತೂತು ಮಾಡಿ ಬಿಡಿ, ಮತ್ತೆ ಯಾರೂ ಅದರಲ್ಲಿ ತುಂಬಿ ಮಾರಲಾರರು. ತೆಗೆದ ಹಳೆಯ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿವೆ. ಅದನ್ನು ಗಟಾರಕ್ಕೋ ಹೊಲದ ಬದುವಿಗೋ ಸುರಿಯದೆ ಹಳೆ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಡಿ.

ನಮ್ಮ ಕೈಗೆ ಬಂದ ವಸ್ತು ಅಮಾನತ್ತು, ಅದನ್ನು ಕಾಪಾಡಬೇಕು, ಇಸ್ರಾಫ್ ಮಾಡಬಾರದು ಎಂದು ಮನೆಯಲ್ಲಿ ಹೇಳುವುದನ್ನು ಕೇಳಿಯೇ ಬೆಳೆದವರು ನಾವು. ಬೇಡದ ದುಬಾರಿ ಎಣ್ಣೆ ಹಾಕುವುದೂ, ಬೇಕಾದ ಎಣ್ಣೆಯನ್ನು ಹೊತ್ತಿಗೆ ಬದಲಿಸದಿರುವುದೂ ಎರಡೂ ದುಂದೇ. ಇಂದು ಸಂಜೆ ಮನೆಗೆ ಹೋದಾಗ ಗಾಡಿಯ ಕೈಪಿಡಿ ಎಲ್ಲಿದೆ ಎಂದು ಹುಡುಕಿ. ಎಣ್ಣೆಯ ದರ್ಜೆ, ಮುಂದಿನ ಸರ್ವಿಸಿನ ಕಿಲೋಮೀಟರ್, ಚೈನಿನ ಸಡಿಲದ ಅಳತೆ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಡಿ.