ಬೇರೆ ಏನಾದ್ರೂ ಮಾತ್ರೆ ತಗೋತೀರಾ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಹೆಚ್ಚಿನ ಮನೆಗಳಲ್ಲಿ ಒಂದು ಗುಳಿಗಿ ಚೀಲ ಇರುತ್ತದೆ. ಗೋಡೆಯ ಮೊಳೆಗೆ ನೇತಾಡುವ ಪ್ಲಾಸ್ಟಿಕ್ ಚೀಲ. ಅದರಲ್ಲಿ ಅವ್ವನ ಬಿಪಿ ಗುಳಿಗಿ, ಅಪ್ಪನ ಶುಗರ್ ಗುಳಿಗಿ, ಯಾರದೋ ಮೊಣಕಾಲು ನೋವಿನದು, ಎಲ್ಲರಿಗೂ ಬೇಕಾಗುವ ಗ್ಯಾಸಿನದು. ಎಷ್ಟೋ ಸ್ಟ್ರಿಪ್‌ಗಳಲ್ಲಿ ಹೆಸರೇ ಹರಿದುಹೋಗಿರುತ್ತದೆ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಚಿಕಿತ್ಸೆ ಶುರುವಾಯಿತು ಅಂದರೆ, ಆ ಚೀಲವೂ ಚಿಕಿತ್ಸೆಯ ಭಾಗವೇ ಆಗುತ್ತದೆ.

ನನಗೆ ಇದು ಅರ್ಥವಾದದ್ದು ಕಾಕಾನ ಜೊತೆ ಆಸ್ಪತ್ರೆಯಲ್ಲಿ ಇದ್ದಾಗ. ಗಜೇಂದ್ರಗಡದ ನಮ್ಮ ಕಾಕಾನಿಗೆ ಲಿಂಫೋಮಾ, ಅಂದರೆ ದುಗ್ಧ ಗ್ರಂಥಿಗಳಿಗೆ ಬರುವ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಿಮೋ ನಡೆದಿತ್ತು. ಒಂದು ಸುತ್ತಿನಲ್ಲಿ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಸಲೈನ್ ಮೂಲಕ ಕೊಟ್ಟರು.

ರಕ್ತದಲ್ಲಿ ಔಷಧ ಎಷ್ಟಿದೆ?

ಹೆಚ್ಚಿನ ಕಿಮೋ ಔಷಧಗಳನ್ನು ರೋಗಿಯ ಎತ್ತರ, ತೂಕ ನೋಡಿ ಲೆಕ್ಕ ಹಾಕಿ ಕೊಡುತ್ತಾರೆ. ಆಮೇಲೆ ರಕ್ತಕಣ, ಕಿಡ್ನಿ, ಲಿವರ್ ಹೇಗಿವೆ ಅಂತ ನೋಡುತ್ತಾರೆ. ಕೆಲವೇ ಔಷಧಗಳಿಗೆ ಮಾತ್ರ ರಕ್ತದಲ್ಲಿ ಅದೆಷ್ಟು ಉಳಿದಿದೆ ಎಂದು ನೇರವಾಗಿ ಅಳೆಯುವ ರೂಢಿ ಇದೆ. ದೊಡ್ಡ ಪ್ರಮಾಣದ ಮೆಥೊಟ್ರೆಕ್ಸೇಟ್ ಅಂಥದ್ದು.

ಈ ಔಷಧ ಕ್ಯಾನ್ಸರ್ ಕೋಶಗಳನ್ನು ಮಾತ್ರ ಅಲ್ಲ, ಒಳ್ಳೆಯ ಕೋಶಗಳನ್ನೂ ಬಡಿಯುತ್ತದೆ. ಹಾಗಾಗಿ ಸುಮಾರು ಒಂದು ದಿನದ ನಂತರ ಲ್ಯೂಕೊವೊರಿನ್ ಎಂಬ ಇನ್ನೊಂದು ಔಷಧ ಕೊಟ್ಟು ಒಳ್ಳೆಯ ಕೋಶಗಳನ್ನು ಉಳಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ 24, 48, 72 ಗಂಟೆಗಳಿಗೆ ರಕ್ತ ತೆಗೆದು ಮೆಥೊಟ್ರೆಕ್ಸೇಟ್ ಮಟ್ಟ ನೋಡುತ್ತಾರೆ. ಅದು ಲೀಟರಿಗೆ 0.1 ಮೈಕ್ರೊಮೋಲ್ ಅಥವಾ ಅದಕ್ಕಿಂತ ಕೆಳಗೆ ಇಳಿಯುವ ತನಕ ಲ್ಯೂಕೊವೊರಿನ್, ಸಲೈನ್ ಮುಂದುವರಿಯುತ್ತವೆ.

ಔಷಧವನ್ನು ಹೊರಹಾಕುವ ಕೆಲಸ ಬಹುಪಾಲು ಕಿಡ್ನಿಯದು. ಡೈಕ್ಲೊಫೆನಾಕ್, ಐಬುಪ್ರೊಫೇನ್ ತರಹದ ನೋವಿನ ಗುಳಿಗಿ ಆ ಕೆಲಸಕ್ಕೆ ಅಡ್ಡ ಬರುತ್ತವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತರಹದ ಗ್ಯಾಸಿನ ಗುಳಿಗಿಯಿಂದಲೂ ಔಷಧ ಹೊರಹೋಗುವುದು ತಡವಾಗಬಹುದು. ಎರಡೂ ನಮ್ಮ ಚೀಲದಲ್ಲಿ ಕಾಯಂ ಇರುವಂಥವೇ.

48 ಗಂಟೆಯ ರಿಪೋರ್ಟ್ ಬಂದಾಗ ಕಾಕಾನ ಮಟ್ಟ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಕಿಡ್ನಿಯ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಆಸ್ಪತ್ರೆಯ ಫಾರ್ಮಸಿಸ್ಟ್ ಬಂದು ಕೇಳಿದರು: "ಬೇರೆ ಏನಾದ್ರೂ ಮಾತ್ರೆ ತಗೋತೀರಾ?"

"ಏನಿಲ್ರಿ ಮೇಡಮ್ಮಾರ."

ಅಡ್ಮಿಟ್ ಆಗುವಾಗಲೂ ಕಾಕಾ ಇದೇ ಉತ್ತರ ಕೊಟ್ಟಿದ್ದ. ಅವರು ಅಷ್ಟಕ್ಕೇ ಬಿಡಲಿಲ್ಲ. "ಮೊಣಕಾಲು ನೋವಿಗೆ ಏನ್ ಮಾಡ್ತೀರಾ ಮತ್ತೆ?"

"ಅದಕ್ಕೇನ್ರಿ, ರಾತ್ರಿ ಮಕ್ಕೊಳ್ಳುಮುಂದ ಒಂದು ಗುಳಿಗಿ. ಊರಾಗ ಅಂಗಡಿಯವ್ರು ಕೊಟ್ಟಿದ್ದು."

ಕಾಕಾ ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಡಾಕ್ಟರ್ ಬರೆದುಕೊಟ್ಟದ್ದು ಔಷಧಿ. ನೋವಿನ ಗುಳಿಗಿ ಅಂದರೆ ಚಹಾ ಇದ್ದಂಗ. "ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ, ಆದ್ರೆ ಇದು ಬೇಡವೇ ಬೇಡ" ಎಂದರು ಡಾಕ್ಟರ್. ಆ ಗುಳಿಗಿ ನಿಲ್ಲಿಸಿ, ಲ್ಯೂಕೊವೊರಿನ್ ಹೆಚ್ಚಿಸಿ, ಎರಡು ದಿನ ಹೆಚ್ಚು ಇಟ್ಟುಕೊಂಡರು. ಮಟ್ಟ ಇಳಿಯಿತು, ಕಾಕಾ ಮನೆಗೆ ಬಂದ. ಏರಿದ್ದನ್ನು ತೋರಿಸಿದ್ದು ರಕ್ತ ಪರೀಕ್ಷೆ. ಅದರ ಹಿಂದೆ ಏನಿರಬಹುದು ಅಂತ ಗೊತ್ತಾಗಿದ್ದು ಆ ಎರಡನೇ ಪ್ರಶ್ನೆಯಿಂದ.

ದೊಡ್ಡ ಆಸ್ಪತ್ರೆಯಲ್ಲೂ ಆಗುತ್ತದೆ

ಔಷಧದ ಅಪಾಯ ಮನೆಯ ಚೀಲದಿಂದ ಮಾತ್ರ ಬರುತ್ತದೆ ಅಂತಲ್ಲ. ಬೆಟ್ಸಿ ಲೇಮನ್ ಅಮೆರಿಕದ 'ಬೋಸ್ಟನ್ ಗ್ಲೋಬ್' ಪತ್ರಿಕೆಯ ಆರೋಗ್ಯ ಅಂಕಣಕಾರ್ತಿ. ಸ್ತನ ಕ್ಯಾನ್ಸರಿಗೆ ಹೆಸರಾಂತ ಡಾನಾ-ಫಾರ್ಬರ್ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ನಾಲ್ಕು ದಿನಕ್ಕೆ ಸೇರಿ ಕೊಡಬೇಕಾದ ಸೈಕ್ಲೊಫಾಸ್ಫಮೈಡ್ ಪ್ರಮಾಣವನ್ನು ದಿನದ ಪ್ರಮಾಣ ಎಂದು ಓದಿಕೊಂಡು ನಾಲ್ಕು ದಿನವೂ ಕೊಟ್ಟರು. 1994ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 39. ತಪ್ಪು ಬೆಳಕಿಗೆ ಬಂದದ್ದು 1995ರ ಫೆಬ್ರವರಿಯಲ್ಲಿ, ದಾಖಲೆಗಳನ್ನು ಪರಿಶೀಲಿಸುವಾಗ. ಆಮೇಲೆ ಆ ಸಂಸ್ಥೆ, ಪ್ರಮಾಣ ಮಿತಿ ಮೀರಿದರೆ ಕಂಪ್ಯೂಟರೇ ತಡೆಯುವ ವ್ಯವಸ್ಥೆ ತಂದಿತು.

ಕೋಡ್ ಬರೆಯುವ ನಮಗೆ ಇದು ಹೊಸದಲ್ಲ. ಸಂಖ್ಯೆ ಸರಿಯಿದ್ದು, ಅದು "ದಿನಕ್ಕೋ, ಒಟ್ಟಿಗೋ" ಅನ್ನೋದು ಸ್ಪಷ್ಟ ಇಲ್ಲದಿದ್ದರೆ ಸಿಸ್ಟಮ್ಮೇ ಕೆಡುತ್ತದೆ. ಇಲ್ಲಿ ಕೆಡುವುದು ಜೀವ.

ಇಂಥದ್ದೇ ಗೊಂದಲ ಊರಲ್ಲೂ ಆಗಬಹುದು. ಇದೇ ಮೆಥೊಟ್ರೆಕ್ಸೇಟ್ ಕೀಲುವಾತಕ್ಕೂ, ಸೋರಿಯಾಸಿಸ್‌ಗೂ ಸಣ್ಣ ಗುಳಿಗಿಯಾಗಿ ಬರುತ್ತದೆ. ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ.

ನಾವು ಮಾಡಬಹುದಾದದ್ದು

ರೋಣದಿಂದಲೋ ನರಗುಂದದಿಂದಲೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಹೋಗುವವರು ಎರಡು ಕಿಮೋ ನಡುವಿನ ದಿನಗಳನ್ನು ಊರಲ್ಲೇ ಕಳೆಯುತ್ತಾರೆ. ಆ ದಿನಗಳ ಲೆಕ್ಕ ಇಡಬೇಕಾದವರು ನಾವು.

• "ಔಷಧಿ ಏನು?" ಅಂತ ಕೇಳಬೇಡಿ. "ನೋವಿಗೆ ಏನು, ಗ್ಯಾಸಿಗೆ ಏನು, ನಿದ್ದಿಗೆ ಏನು, ಆಯುರ್ವೇದದ್ದು ಏನು" ಅಂತ ಒಂದೊಂದಾಗಿ ಕೇಳಿ.

• ಪ್ರತಿ ಸ್ಟ್ರಿಪ್‌ನ ಹೆಸರು, ಮಿಲಿಗ್ರಾಂ ಕಾಣುವ ಹಾಗೆ ಫೋಟೊ ತೆಗೆಯಿರಿ. ಒಂದು ಹಾಳೆಯಲ್ಲೂ ಬರೆದಿಡಿ. ಪ್ರತಿ ಭೇಟಿಯಲ್ಲೂ ತೋರಿಸಿ.

• ವಾರದ ಗುಳಿಗಿ ಇದ್ದರೆ "ಸೋಮವಾರ ಮಾತ್ರ" ಅಂತ ದಿನದ ಹೆಸರನ್ನು ದೊಡ್ಡದಾಗಿ ಬರೆಯಿರಿ.

• ಮೆಡಿಕಲ್ ಶಾಪಿನಲ್ಲಿ ಮೊದಲ ಮಾತೇ "ಕಿಮೋ ನಡೆದೈತ್ರಿ" ಅಂತಿರಲಿ.

• ಕಿಮೋ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಗುಳಿಗಿ ನುಂಗಿಸಿ ಬೆಳಗಿನ ತನಕ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

• ಔಷಧದಿಂದ ತೊಂದರೆ ಆಯಿತು ಅನ್ನಿಸಿದರೆ ಮೊದಲು ಡಾಕ್ಟರಿಗೆ ಹೇಳಿ. ಸರ್ಕಾರದ ಔಷಧ ಸುರಕ್ಷತಾ ಸಹಾಯವಾಣಿ 1800-180-3024ಕ್ಕೂ ತಿಳಿಸಬಹುದು.

ಒಂದು ಎಚ್ಚರಿಕೆ: ಇದನ್ನು ಓದಿ ಬಿಪಿ, ಶುಗರ್ ಗುಳಿಗಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವುದು ಇರಬೇಕು, ಯಾವುದು ಬೇಡ ಅಂತ ಹೇಳಬೇಕಾದವರು ಡಾಕ್ಟರ್. ಎಲ್ಲವನ್ನೂ ಅವರ ಮುಂದಿಡುವುದಷ್ಟೇ ನಮ್ಮ ಕೆಲಸ.

ಕಾಕಾನ ಹಾಳೆಯಲ್ಲಿ ಈಗ ಹನ್ನೊಂದು ಸಾಲುಗಳಿವೆ. ಅದರಲ್ಲಿ ನಾಲ್ಕನ್ನು ಅವನು ಇವತ್ತಿಗೂ ಔಷಧಿ ಅಂತ ಒಪ್ಪಿಲ್ಲ. ಒಪ್ಪದಿದ್ದರೂ ಪರವಾಗಿಲ್ಲ, ಹಾಳೆ ಮಾತ್ರ ಅಂಗಿ ಕಿಸೆಯಲ್ಲಿ ಇಟ್ಟುಕೊಂಡೇ ಹೊರಡುತ್ತಾನೆ.