ಕಣ್ಣೀರು ಮತ್ತು ಪಕ್ವತೆ

ಹಿಬ್ರಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಎರಡು ತುಂಡು ಮಾಡಿ ಓದುತ್ತೇವೆ. ಮೊದಲ ಹತ್ತು ವಚನಗಳು ಯಾಜಕತ್ವದ ಪಾಠಕ್ಕೆ ಸಲ್ಲುತ್ತವೆ. ಹಾಲು ಕುಡಿಯುವ ಶಿಶುಗಳನ್ನೂ ಗಟ್ಟಿ ಆಹಾರ ಉಣ್ಣುವ ಪ್ರಾಯಸ್ಥರನ್ನೂ ಕುರಿತ ಕೊನೆಯ ನಾಲ್ಕು ವಚನಗಳನ್ನು ಆಧ್ಯಾತ್ಮಿಕ ಬೆಳವಣಿಗೆಯ ಧ್ಯಾನಕೂಟಗಳಿಗೆ ಮೀಸಲಿಡುತ್ತೇವೆ. ಹೀಗೆ ಕತ್ತರಿಸಿದಾಗ ಮುಖ್ಯವಾದ ಒಂದು ಸಂಗತಿ ಕಣ್ತಪ್ಪುತ್ತದೆ. ಯೇಸುಸ್ವಾಮಿ ಗಟ್ಟಿಯಾಗಿ ಕೂಗಿ, ಕಣ್ಣೀರಿಟ್ಟು ಪ್ರಾರ್ಥಿಸಿದರೆಂದು ಏಳನೆಯ ವಚನ ಹೇಳುತ್ತದೆ; ಅವರು ಸಿದ್ಧಿಗೆ ಬಂದರೆಂದು ಒಂಬತ್ತನೆಯದು ಹೇಳುತ್ತದೆ. ಹದಿನಾಲ್ಕನೆಯ ವಚನದ 'ಪ್ರಾಯಸ್ಥರು' ಎಂಬ ಪದವೂ ಒಂಬತ್ತನೆಯ ವಚನದ 'ಸಿದ್ಧಿ'ಯೂ ಗ್ರೀಕ್ ಮೂಲದಲ್ಲಿ ಒಂದೇ ಧಾತುವಿನವು: 'ತೆಲೆಯೊಸ್', ಅಂದರೆ ಗುರಿ ಮುಟ್ಟಿದ, ಮಾಗಿದ. ಹಾಗಾದರೆ ಪತ್ರದ ಲೇಖಕರ ದೃಷ್ಟಿಯಲ್ಲಿ ಪಕ್ವತೆಯ ಮಾದರಿ ಅಳದವನಲ್ಲ, ದೇವರ ಮುಂದೆ ಅತ್ತವನು.

ಕನ್ನಡದ 'ಪಕ್ವ' ಎಂಬ ಪದವೂ ಇಲ್ಲಿ ನಮಗೆ ನೆರವಾಗುತ್ತದೆ. ಬೆಂದದ್ದು ಪಕ್ವ, ಮಾಗಿದ್ದೂ ಪಕ್ವ. ಕಬ್ಬಿನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಯದ ಹಾಲು ಪಾಕಕ್ಕೆ ಬರುವುದಿಲ್ಲ. ಕುದಿಯುವಾಗ ಮೇಲೆ ಬರುವ ಕಸವನ್ನು ತೆಗೆಯದೆ ಬೆಲ್ಲ ತಿಳಿಯಾಗುವುದೂ ಇಲ್ಲ.

ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ, ಒಪ್ಪಿಕೊಳ್ಳಬೇಕೆಂದರೆ ನಮ್ಮ ಗುರುಮಠಗಳಲ್ಲಿಯೂ, ಇನ್ನೊಂದು ಬೋಧನೆ ಸದ್ದಿಲ್ಲದೆ ನಡೆದು ಬಂದಿದೆ. ವಿಶ್ವಾಸ ಗಟ್ಟಿಯಾಗಿದ್ದವನು ಕದಲಲಾರ, ದುಃಖಿಸುವುದು ಭರವಸೆಯ ಕೊರತೆ, ಕೋಪ ಬಂದಿತೆಂದರೇ ಪಾಪ ಎಂಬುದು ಅದು. ಇದಕ್ಕೆ ಆಧಾರವಾಗಿ ಸಂತ ಪೌಲರು ಥೆಸಲೋನಿಯರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯವನ್ನು ಶವಸಂಸ್ಕಾರದ ಪ್ರಬೋಧನೆಗಳಲ್ಲಿ ಉದ್ಧರಿಸುವುದುಂಟು. ಪೌಲರು ಅಲ್ಲಿ ದುಃಖವನ್ನು ನಿಷೇಧಿಸಲಿಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಿಸುವುದು ಬೇಡವೆಂದರು. ಅದೇ ಪೌಲರು ಎಪಫ್ರೊದಿತನ ಕಾಯಿಲೆಯ ಬಗ್ಗೆ ಫಿಲಿಪ್ಪಿಯರಿಗೆ ಬರೆಯುವಾಗ, ಅವನು ಸತ್ತಿದ್ದರೆ ತಮಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಕದಲದ ಮನಸ್ಸೇ ಶ್ರೇಷ್ಠವೆಂಬ ಆದರ್ಶ ಸ್ತೋಯಿಕ ತತ್ತ್ವಜ್ಞಾನಿಗಳದ್ದು. ಸಂತ ಅಗಸ್ಟಿನರು 'ದೇವನಗರ'ದ ಹದಿನಾಲ್ಕನೆಯ ಗ್ರಂಥದಲ್ಲಿ ಅದನ್ನು ನೇರವಾಗಿ ಎದುರಿಸಿ, ಪ್ರೀತಿ ಸರಿಯಾಗಿದ್ದರೆ ಅದರಿಂದ ಹುಟ್ಟುವ ಭಾವಗಳೂ ಸರಿಯಾಗಿರುತ್ತವೆ ಎಂದು ವಾದಿಸಿದರು. ಇದು ಅವರಿಗೆ ಪುಸ್ತಕದಿಂದ ಬಂದ ಅರಿವಲ್ಲ. 387ರಲ್ಲಿ ಓಸ್ತಿಯಾದಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಅವರು ಕಣ್ಣೀರನ್ನು ಬಲವಂತವಾಗಿ ತಡೆಹಿಡಿದರು. ಸ್ನಾನ ಮಾಡಿದರೂ ಮನಸ್ಸು ಹಗುರಾಗಲಿಲ್ಲ. ನಿದ್ರೆ ಮಾಡಿ ಎದ್ದ ಮೇಲೆ, ಒಬ್ಬರೇ ಇದ್ದಾಗ, ದೇವರ ಮುಂದೆ ಅತ್ತರು. ಸಂತ ಬೆರ್ನಾರ್ದರದ್ದು ಇನ್ನೂ ಸ್ಪಷ್ಟವಾದ ನಿದರ್ಶನ. ಪರಮಗೀತೆಯ ಕುರಿತ ಇಪ್ಪತ್ತಾರನೆಯ ಪ್ರಬೋಧನೆಯ ನಡುವೆ ಅವರು ವ್ಯಾಖ್ಯಾನವನ್ನು ನಿಲ್ಲಿಸಿ, 1138ರಲ್ಲಿ ಅಗಲಿದ ತಮ್ಮ ಸೋದರ ಜೆರಾರ್ಡನಿಗಾಗಿ ಮಠವಾಸಿಗಳೆಲ್ಲರ ಎದುರಿಗೇ ಪ್ರಲಾಪಿಸಿದರು. ಸಂತ ತೋಮಸ್ ಅಕ್ವಿನಾಸರಂತೂ ದುಃಖಕ್ಕೆ ಮದ್ದುಗಳನ್ನೇ ಪಟ್ಟಿಮಾಡಿದ್ದಾರೆ: ಅಳು, ಗೆಳೆಯರ ಸಹಾನುಭೂತಿ, ಸತ್ಯದ ಧ್ಯಾನ, ನಿದ್ರೆ, ಸ್ನಾನ. ದೈವಶಾಸ್ತ್ರದ ಮಹಾಗ್ರಂಥವೊಂದರಲ್ಲಿ ಸ್ನಾನಕ್ಕೆ ಸ್ಥಾನ ಸಿಕ್ಕಿರುವುದು ನಮ್ಮ ವಿದ್ಯಾರ್ಥಿಗಳಿಗೆ ನಗು ತರಿಸುತ್ತದೆ. ತರಿಸಲಿ, ಮನುಷ್ಯನಿಗೆ ದೇಹವಿದೆ ಎಂಬುದನ್ನು ಆ ಗುರುಗಳು ಮರೆತಿರಲಿಲ್ಲ.

ಈ ವಿಚಾರ ನಮ್ಮ ನೆಲದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಲು ಕಾಗವಾಡ ತಾಲೂಕಿನ ಮಂಗಸೂಳಿಯ ಸುತ್ತಿನ ಸೀಮೆ ತಕ್ಕ ಸ್ಥಳ. ಕ್ರೈಸ್ತರು ಅಲ್ಲಿ ವಿರಳ. ಲಿಂಗಾಯತರು, ಜೈನರು, ಕುರುಬರು, ಮರಾಠರು, ಮುಸ್ಲಿಮರು ಇರುವ ಓಣಿಗಳಲ್ಲಿ ಅವರ ಸುಖದುಃಖ ನಡೆಯುತ್ತದೆ. ಆ ಸೀಮೆಯ ಧರ್ಮಜೀವನ ಭಾವನೆಯನ್ನು ಅಡಗಿಸಿಡುವಂಥದ್ದಲ್ಲ. ಮಂಗಸೂಳಿಯ ಮಲ್ಲಯ್ಯನ, ಮರಾಠಿಗರು ಕರೆಯುವಂತೆ ಖಂಡೋಬನ, ಜಾತ್ರೆಯಲ್ಲಿ ಎರಡೂ ರಾಜ್ಯಗಳ ಭಕ್ತರು ಭಂಡಾರ ತೂರಿ ಜಯಘೋಷ ಮಾಡುತ್ತಾರೆ. ಮೊಹರಮ್ಮಿನ ರಿವಾಯತ ಪದಗಳು ಕರ್ಬಲಾದ ಶೋಕವನ್ನು ಕನ್ನಡದಲ್ಲೇ ಹಾಡುತ್ತವೆ. ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ: ಸತ್ತವರ ಗುಣ, ಅವರ ಕೆಲಸ, ಉಂಡದ್ದು ಉಟ್ಟದ್ದು, ಹೇಳದೆ ಹೋದ ಮಾತು ಎಲ್ಲವೂ ಒಂದು ಲಯದಲ್ಲಿ ಹೊರಬರುತ್ತವೆ. ಇದನ್ನು ಅಜ್ಞಾನವೆಂದು, ವಿಶ್ವಾಸಿಗಳಿಗೆ ತಕ್ಕುದಲ್ಲವೆಂದು ಗದರಿಸಿ ನಿಲ್ಲಿಸುವವರನ್ನು ನಾವು ಕಂಡಿದ್ದೇವೆ. ಆದರೆ ಸೌಲ ಮತ್ತು ಯೋನಾತಾನರಿಗಾಗಿ ದಾವೀದ ಹಾಡಿದ ಶೋಕಗೀತೆ ಇದೇ ಜಾತಿಯದ್ದು ತಾನೆ?

2019ರ ಆಗಸ್ಟಿನಲ್ಲಿ ಪಶ್ಚಿಮಘಟ್ಟದ ಮಳೆಗೆ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದಿದಂಡೆಯ ಊರುಗಳು ಮುಳುಗಿದವು. 2005ರ ನೆರೆಯ ನೆನಪಿದ್ದವರೂ ಕಂಗೆಟ್ಟರು. ಪರಿಹಾರ ಕೇಂದ್ರಗಳಿಗೆ ಅಕ್ಕಿ, ಹಾಸಿಗೆ, ಔಷಧ ಬಂದವು, ಬರಬೇಕಾದದ್ದೇ. ನಮ್ಮವರು ಅಲ್ಲಿ ಪ್ರಾರ್ಥನೆಯನ್ನೂ ಮಾಡಿದರು, ಆದರೆ ಬಹುಮಟ್ಟಿಗೆ ಕೃತಜ್ಞತೆಯ ಪ್ರಾರ್ಥನೆ: ಜೀವ ಉಳಿಯಿತು, ದೇವರಿಗೆ ಸ್ತೋತ್ರ. ತಿಂಗಳುಗಳ ನಂತರ ಒಬ್ಬ ಹಿರಿಯ ತಾಯಿ ನಮ್ಮೊಡನೆ ಆಡಿದ ಮಾತು ಹೀಗಿತ್ತು: "ಮನಿ ಬಿತ್ತು, ಎಮ್ಮಿ ಹೋತು, ಎಲ್ಲಾರೂ ಸಮಾಧಾನ ಮಾಡ್ಕೋರಿ ಅಂದ್ರು. ಅಳಾಕ ಪುರಸೊತ್ತೇ ಸಿಗಲಿಲ್ರೀ ಫಾದರ್." ಅದೇ ಮನೆಯಲ್ಲಿ ಮಗ ಯಾರೊಂದಿಗೂ ಮಾತಿಲ್ಲದೆ, ಸಣ್ಣದಕ್ಕೂ ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತಿದ್ದ. ಗಂಡಸಿಗೆ ಅಳುವ ದಾರಿಯೂ ಮುಚ್ಚಿದಾಗ ಶೋಕ ಸಿಟ್ಟಿನ ವೇಷ ಹಾಕುತ್ತದೆ. ಅವನನ್ನು ಪಾಪನಿವೇದನೆಗೆ ಕರೆದು ಕೋಪದ ಬಗ್ಗೆ ಮಾತ್ರ ಉಪದೇಶಿಸಿದರೆ ರೋಗದ ಬದಲು ಅದರ ಲಕ್ಷಣಕ್ಕೆ ಮದ್ದು ಕೊಟ್ಟಂತಾಗುತ್ತದೆ.

ದೈವಜನರಿಗೆ ಇಂಥ ಹೊತ್ತಿಗೆಂದೇ ಕೊಟ್ಟ ಪ್ರಾರ್ಥನೆಗಳು ಕೀರ್ತನೆಗಳ ಪುಸ್ತಕದಲ್ಲಿವೆ. ಅದರಲ್ಲಿ ಪ್ರಲಾಪದ ಕೀರ್ತನೆಗಳ ಸಂಖ್ಯೆಯೇ ದೊಡ್ಡದು. ಹೆಚ್ಚಿನವು ದೂರಿನಿಂದ ಭರವಸೆಯತ್ತ ತಿರುಗುತ್ತವೆ. 88ನೆಯದು ಮಾತ್ರ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪವಿತ್ರಗ್ರಂಥದಲ್ಲಿದೆ. ಪ್ರಭು ಶಿಲುಬೆಯ ಮೇಲೆ ಆರಿಸಿಕೊಂಡದ್ದು 22ನೆಯದರ ಆರಂಭದ ಕೂಗನ್ನು. 1971ರಲ್ಲಿ ಪ್ರಾರ್ಥನಾವಿಧಿಯನ್ನು ಪರಿಷ್ಕರಿಸಿದಾಗ, ಶಾಪದ ಮಾತುಗಳು ಪ್ರಾರ್ಥಿಸುವವರಿಗೆ ಮಾನಸಿಕ ತೊಡಕಾಗುತ್ತವೆಂದು 58, 83, 109ನೆಯ ಕೀರ್ತನೆಗಳನ್ನು ಕೈಬಿಡಲಾಯಿತು. ಸಾಮೂಹಿಕ ಪ್ರಾರ್ಥನೆಯ ದೃಷ್ಟಿಯಿಂದ ಆ ನಿರ್ಣಯ ಅರ್ಥವಾಗುವಂಥದ್ದೇ. ಆದರೆ ಗುರುಮಠದ ತರಗತಿಯಲ್ಲಿ ಆ ಮೂರನ್ನೂ ಓದಿಸಲೇಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ಪ್ರಾರ್ಥಿಸುವವನು ಶತ್ರುವಿನ ಮೇಲೆ ಕೈ ಎತ್ತುವುದಿಲ್ಲ; ತನ್ನ ದ್ವೇಷವನ್ನು, ಅದು ಇದ್ದ ಹಾಗೆಯೇ, ನ್ಯಾಯ ತೀರಿಸಬಲ್ಲ ದೇವರ ಕೈಗೆ ಒಪ್ಪಿಸುತ್ತಾನೆ. ಇಲ್ಲದ ಪ್ರೀತಿಯನ್ನು ನಟಿಸುವುದಕ್ಕಿಂತ ಇದು ಕ್ಷಮೆಗೆ ಹತ್ತಿರದ ದಾರಿ.

ಹಾಗೆಂದು ಬಂದ ಭಾವವನ್ನೆಲ್ಲ ಹರಿಯಬಿಡುವುದೇ ಪಕ್ವತೆ ಎಂದು ಯಾರೂ ತಿಳಿಯಬಾರದು. ಭಾವವನ್ನು ಅರಿಯುವುದು ಬೇರೆ, ಅದರ ಆಜ್ಞೆಗೆ ಒಳಗಾಗುವುದು ಬೇರೆ. ಸಂತ ಇಗ್ನೇಷಿಯಸ್ ಲೊಯೋಲರು ತಮ್ಮ 'ಆಧ್ಯಾತ್ಮಿಕ ಸಾಧನೆಗಳ' ಮೂರನೆಯ ವಾರದಲ್ಲಿ ಕ್ರಿಸ್ತರೊಡನೆ ದುಃಖಿಸುವ ಕಣ್ಣೀರನ್ನು ಬೇಡಿಕೊಳ್ಳಲು ಕಲಿಸುತ್ತಾರೆ. ಅದೇ ಗ್ರಂಥದಲ್ಲಿ, ಮನಸ್ಸು ಬರಡಾಗಿ ಕುಗ್ಗಿದ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಣಯವನ್ನು ಬದಲಿಸಬಾರದೆಂಬ ನಿಯಮವನ್ನೂ ಇಡುತ್ತಾರೆ. ನೆರೆ ಇಳಿದ ವಾರದಲ್ಲೇ ಹೊಲ ಮಾರಿ ಊರು ಬಿಡುತ್ತೇನೆಂದು ಹೊರಟವನಿಗೂ, ಒಂದು ಜಗಳದ ರಾತ್ರಿ ಗುರುಮಠ ಬಿಡಲು ಪೆಟ್ಟಿಗೆ ಕಟ್ಟಿದ ವಿದ್ಯಾರ್ಥಿಗೂ ಈ ನಿಯಮ ಒಂದೇ ಅಳತೆಯಲ್ಲಿ ಸಲ್ಲುತ್ತದೆ. ಅಳು ಇಂದೇ ಬರಲಿ. ನಿರ್ಧಾರ ಸುಗ್ಗಿಯ ತನಕ ಕಾಯಲಿ.

ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಯಾಜಕರ ತರಬೇತಿಯ ಕುರಿತು ಹೊರಡಿಸಿದ ಪ್ರಬೋಧನ ಪತ್ರವು ಮಾನವೀಯ ತರಬೇತಿಯನ್ನು ಉಳಿದೆಲ್ಲ ತರಬೇತಿಗೂ ಬುನಾದಿ ಎಂದು ಕರೆದು, ಭಾವನಾತ್ಮಕ ಪಕ್ವತೆಗೆ ವಿಶೇಷ ಗಮನ ಕೊಟ್ಟಿತು. 2016ರ ಹೊಸ ಮಾರ್ಗಸೂಚಿಯೂ ಅದನ್ನೇ ಮುಂದುವರಿಸಿತು. ದಾಖಲೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅಭ್ಯಾಸದಲ್ಲಿ: ನಮ್ಮ ವಿದ್ಯಾರ್ಥಿ ಒಂಬತ್ತು ಹತ್ತು ವರ್ಷ ದಿನವೂ ಕೀರ್ತನೆಗಳನ್ನು ಪಠಿಸುತ್ತಾನೆ, ಆದರೆ ತಂದೆ ತೀರಿಕೊಂಡ ವಾರದಲ್ಲಿ ಅವುಗಳಲ್ಲಿ ತನ್ನ ಮಾತು ಯಾವುದೆಂದು ಹುಡುಕಲು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ತನ್ನ ದುಃಖದ ಹೆಸರು ತಿಳಿಯದ ಗುರು ಇತರರ ದುಃಖದ ಮುಂದೆ ಅಂಜುತ್ತಾನೆ; ಅಂಜಿದ್ದಕ್ಕೇ ಬೇಗ ಬೇಗ ಸಮಾಧಾನ ಹೇಳುತ್ತಾನೆ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮೌನವಾಗಿ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಕ್ಷೇತ್ರಸೇವೆಗೆ ಹೋಗುವ ವಿದ್ಯಾರ್ಥಿಗಳು ಸಾವಿನ ಮನೆಯಲ್ಲಿ ಮೊದಲ ಅರ್ಧ ಗಂಟೆ ಏನನ್ನೂ ಬೋಧಿಸದೆ ಚಾಪೆಯ ಮೇಲೆ ಕುಳಿತಿರಲಿ. ಹಾಡ್ಯಾಡಿಕೊಂಡು ಅಳುವವರನ್ನು ತಡೆಯದೆ ಕೇಳಲಿ. ಆ ಅಳುವಿನಲ್ಲಿ ಕೇಳಿದ ಒಂದೆರಡು ಮಾತು ಮರುದಿನದ ವಿಶ್ವಾಸಿಗಳ ಬಿನ್ನಹದಲ್ಲಿ, ಮನೆಯವರ ಒಪ್ಪಿಗೆ ಪಡೆದು, ಸೇರಲಿ. ಮೂವತ್ತನೆಯ ದಿನದ ಬಲಿಪೂಜೆಗೆ ಮೊದಲು ಮನೆಯವರೊಂದಿಗೆ 13ನೆಯ ಕೀರ್ತನೆಯನ್ನು ನಿಧಾನವಾಗಿ ಓದಲಿ. ಅದು ಆರೇ ವಚನಗಳದ್ದು. ಮೊದಲೆರಡು ವಚನಗಳು ಬರೀ ಪ್ರಶ್ನೆಗಳು. ಆ ಪ್ರಶ್ನೆಗಳಾದ ಮೇಲೆ ಒಂದಿಷ್ಟು ಹೊತ್ತು ನಿಲ್ಲಿಸಿ, ಮನೆಯವರಲ್ಲಿ ಯಾರಾದರೂ ತಮ್ಮ ಪ್ರಶ್ನೆಯನ್ನು ಸೇರಿಸುವರೋ ಎಂದು ಕಾದು, ಆಮೇಲೆ ಮುಂದುವರಿಯಲಿ.